ಉಪ್ಪು ನೀರು, ಕಬ್ಬಿಣ ಮತ್ತು ನಮ್ಮೂರು: ಹಡಗಿನ ಎಂಜಿನ್ನಿಂದ ಚಿಂತಾಮಣಿಯ ಬೋರ್‌ವೆಲ್‌ವರೆಗೆ

▪️ ಭಾಗ 1/8: ತುಂಡಾದ ಪೈಪು

ಫೋಟೋದಲ್ಲಿರೋದು ಒಂದು ಜಿಐ ಪೈಪಿನ ತುದಿ. ಚಿಂತಾಮಣಿ ಕಡೆ ನಮ್ಮ ಚಿಕ್ಕಪ್ಪನ ತೋಟದ ಬೋರ್‌ವೆಲ್‌ನಿಂದ ಮೇಲೆ ಬಂದದ್ದು. ಬಂದದ್ದು ಇಷ್ಟೇ. ಇದರ ಕೆಳಗಿದ್ದ ಪಂಪು, ಮೋಟಾರು ಎರಡೂ ಸಾವಿರ ಅಡಿ ಆಳದಲ್ಲೇ ಉಳಿದುಬಿಟ್ಟವು.

ನಮ್ಮ ಕಡೆಯವರಿಗೆ ಇದನ್ನ ವಿವರಿಸಬೇಕಾಗಿಲ್ಲ. "ಮೋಟಾರ್ ಬೋರ್ ಒಳಗೆ ಬಿತ್ತು" ಅಂದ್ರೆ ಸಾಕು, ಕೇಳಿದವರು ಒಂದು ಕ್ಷಣ ಸುಮ್ಮನಾಗ್ತಾರೆ. ಹೊಸ ಮೋಟಾರಿಗೆ ಸಾಲ, ಹಳೇದು ಸಿಗದಿದ್ರೆ ಬೋರೇ ಹೋಯ್ತು, ಬೇರೆ ಬೋರ್ ಕೊರೆಸಿದ್ರೂ ನೀರು ಬರುತ್ತೆ ಅನ್ನೋ ನಂಬಿಕೆ ಇಲ್ಲ. ಅಷ್ಟರಲ್ಲಿ ಟೊಮೆಟೊ ಗಿಡ ಬಾಡಿರುತ್ತೆ.

ಮೋಟಾರ್ ಎತ್ತೋಕೆ ಬಂದಿದ್ದ ಮೆಕ್ಯಾನಿಕ್ ತುದಿಯನ್ನ ಕೈಯಲ್ಲಿ ತಿರುಗಿಸಿ ನೋಡಿ ಹೇಳಿದ್ದು ಒಂದೇ ಮಾತು: "ಉಪ್ಪು ನೀರು ಸ್ವಾಮಿ, ಥ್ರೆಡ್ ತಿಂದು ಹಾಕಿದೆ."

ಸಮುದ್ರಕ್ಕೆ ನಮ್ಮ ಜಿಲ್ಲೆ ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರ. ಆದ್ರೂ ಬೋರ್ ನೀರಿಗೆ ನಾವು "ಉಪ್ಪು ನೀರು" ಅಂತಲೇ ಅಂತೀವಿ, ಕುಡಿಯೋದಕ್ಕೆ "ಸಿಹಿ ನೀರು" ಬೇರೆ ತರ್ತೀವಿ. ಆ ಮಾತಿನ ಬೆನ್ನು ಹತ್ತಿ ಹೋದಾಗ ಸಿಕ್ಕಿದ್ದು ಹಡಗುಗಳ ಕಥೆ. ಕಬ್ಬಿಣವನ್ನ ಉಪ್ಪು ನೀರಿಂದ ಕಾಪಾಡೋದು ಹೇಗೆ ಅಂತ ಮನುಷ್ಯ ಕಲಿತದ್ದು ಸಮುದ್ರದ ಮೇಲೆ. ಆ ಪಾಠದ ಒಂದು ತುಣುಕು ಈ ಪೈಪಿನ ಮೇಲೆ ಬೂದು ಬಣ್ಣದ ಲೇಪವಾಗಿ ಇತ್ತು. ಮಧ್ಯದಲ್ಲಿ ನಮ್ಮ ಮುದ್ದೇನಹಳ್ಳಿಯವರೊಬ್ಬರೂ ಬರ್ತಾರೆ. ಯಾರು ಅಂತ ನಿಮಗೆ ಗೊತ್ತೇ ಇದೆ 🙂

ಎಂಟು ಭಾಗ ಇದೆ. ಬಿಡುವಾದಾಗ ಓದಿ.

▪️ ಭಾಗ 2/8: ಕಂದು ಕಾಗದ

18ನೇ ಶತಮಾನದ ಹಡಗು ಅಂದ್ರೆ ಮರ. ಬಿಸಿ ದೇಶಗಳ ಸಮುದ್ರದಲ್ಲಿ ಒಂದು ಥರದ ಹುಳು ಇದೆ, ಮರದೊಳಗೆ ಸುರಂಗ ಕೊರೆದು ಹಲಗೆಯನ್ನ ಜರಡಿ ಮಾಡಿಬಿಡುತ್ತೆ. ಜೊತೆಗೆ ತಳಕ್ಕೆ ಚಿಪ್ಪು, ಪಾಚಿ ಅಂಟಿಕೊಂಡು ಹಡಗು ನಿಧಾನ ಆಗುತ್ತೆ. ಇದಕ್ಕೆ ಮದ್ದಾಗಿ 1761ರಲ್ಲಿ ಬ್ರಿಟಿಷ್ ನೌಕಾಪಡೆ 'ಅಲಾರ್ಮ್' ಅನ್ನೋ ಯುದ್ಧನೌಕೆಯ ತಳಕ್ಕೆ ತಾಮ್ರದ ತಗಡು ಹೊದಿಸಿತು.

ಹುಳುವಿನ ಕಾಟ ನಿಂತಿತು. ತಳವೂ ಸ್ವಚ್ಛವಾಗಿತ್ತು. ಆದ್ರೆ ಎರಡು ವರ್ಷ ಬಿಟ್ಟು ಪರೀಕ್ಷೆ ಮಾಡಿದಾಗ ಬೇರೆಯದೇ ಅನಾಹುತ ಕಂಡಿತು: ತಾಮ್ರಕ್ಕೆ ತಗುಲಿದ್ದ ಕಬ್ಬಿಣದ ಮೊಳೆಗಳು ಕರಗಿಹೋಗಿದ್ದವು. ತಗಡು ಗಟ್ಟಿ, ಅದನ್ನ ಹಿಡಿದಿದ್ದ ಮೊಳೆ ಮಾತ್ರ ಪುಡಿ!

ಕೆಲವು ಮೊಳೆಗಳು ಮಾತ್ರ ಹೊಸದರ ಹಾಗೆ ಇದ್ದವು. ಯಾಕೆ ಅಂತ ನೋಡಿದ್ರೆ, ತಾಮ್ರದ ತಗಡು ಕಂದು ಕಾಗದದಲ್ಲಿ ಸುತ್ತಿ ಬಂದಿತ್ತಂತೆ. ಕೆಲಸಗಾರರು ಕೆಲವು ಕಡೆ ಆ ಕಾಗದ ಕಿತ್ತಿರಲಿಲ್ಲ. ಎಲ್ಲೆಲ್ಲಿ ಕಾಗದ ಉಳಿದು ತಾಮ್ರಕ್ಕೂ ಕಬ್ಬಿಣಕ್ಕೂ ಮುಟ್ಟದ ಹಾಗೆ ಮಾಡಿತ್ತೋ ಅಲ್ಲೆಲ್ಲ ಮೊಳೆ ಉಳಿದಿತ್ತು.

ಯಾರೋ ಸೋಮಾರಿತನದಿಂದ ಬಿಟ್ಟ ಕಾಗದ ಕಲಿಸಿದ ಪಾಠ ಇವತ್ತಿಗೂ ಹಡಗು ಕಟ್ಟೋರ ಮೊದಲ ನಿಯಮ: ಉಪ್ಪು ನೀರಿನಲ್ಲಿ ಎರಡು ಬೇರೆ ಬೇರೆ ಲೋಹ ಒಂದಕ್ಕೊಂದು ನೇರವಾಗಿ ಮುಟ್ಟಬಾರದು. ಮುಟ್ಟಲೇಬೇಕು ಅಂದ್ರೆ ನಡುವೆ ಏನಾದ್ರೂ ಇಡು.

ಯಾಕೆ ಹೀಗೆ ಆಗುತ್ತೆ ಅನ್ನೋದು ಆಗ ಯಾರಿಗೂ ಗೊತ್ತಿರಲಿಲ್ಲ. ಬ್ಯಾಟರಿ ಅನ್ನೋದೇ ಇನ್ನೂ ಹುಟ್ಟಿರಲಿಲ್ಲ. ವೋಲ್ಟಾ ತನ್ನ ಬ್ಯಾಟರಿ ತೋರಿಸಿದ್ದು 1800ರಲ್ಲಿ.

▪️ ಭಾಗ 3/8: ಬಲಿ ಕೊಡೋ ಲೋಹ

ಬ್ಯಾಟರಿ ಬಂದ ಮೇಲೆ ವಿಷಯ ಅರ್ಥವಾಯ್ತು. ಎರಡು ಲೋಹ, ನಡುವೆ ಉಪ್ಪು ನೀರು, ಎರಡನ್ನೂ ಸೇರಿಸೋ ದಾರಿ, ಇಷ್ಟಿದ್ರೆ ಅದೇ ಒಂದು ಬ್ಯಾಟರಿ. ಕರೆಂಟ್ ಹರಿಯುತ್ತೆ. ಎರಡರಲ್ಲಿ 'ಬೇಗ ಬಿಟ್ಟುಕೊಡೋ' ಲೋಹ ಕರಗುತ್ತೆ, ಇನ್ನೊಂದು ಉಳಿಯುತ್ತೆ. ತಾಮ್ರ–ಕಬ್ಬಿಣದ ಜೋಡಿಯಲ್ಲಿ ಕರಗೋದು ಕಬ್ಬಿಣ. ಕಬ್ಬಿಣ–ಸತುವಿನ ಜೋಡಿಯಲ್ಲಿ ಕರಗೋದು ಸತು.

ಇದನ್ನ ತಿರುಗಿಸಿ ಉಪಯೋಗಿಸಿದ್ದು ಸರ್ ಹಂಫ್ರಿ ಡೇವಿ. ಆಗ ಆತ ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷ. ಹಡಗಿನ ತಾಮ್ರವೂ ಸಮುದ್ರದಲ್ಲಿ ಸವೆಯುತ್ತೆ, ಏನಾದ್ರೂ ಮಾಡಿ ಅಂತ ನೌಕಾಪಡೆ ಕೇಳಿತ್ತು. 1824ರಲ್ಲಿ ಡೇವಿ ಹೇಳಿದ ಉಪಾಯ ಸರಳ: ದೊಡ್ಡ ತಾಮ್ರದ ತಗಡಿಗೆ ಸತುವಿನದೋ ಕಬ್ಬಿಣದ್ದೋ ಸಣ್ಣ ತುಂಡು ಜೋಡಿಸಿ. ಸವೆತವೆಲ್ಲ ಆ ತುಂಡಿಗೆ ಹೋಗುತ್ತೆ, ತಾಮ್ರ ಉಳಿಯುತ್ತೆ. ತುಂಡು ಮುಗಿದಾಗ ಹೊಸದು ಹಾಕಿ.

'ಸಮರಾಂಗ್' ಅನ್ನೋ ನೌಕೆಗೆ ಕಟ್ಟಿ ಕಳಿಸಿದರು. ತಾಮ್ರ ನಿಜವಾಗ್ಲೂ ಸವೆಯಲಿಲ್ಲ. ಆದ್ರೆ ತಳದ ತುಂಬ ಚಿಪ್ಪು, ಪಾಚಿ! ಸ್ವಲ್ಪ ಸ್ವಲ್ಪ ಕರಗೋ ತಾಮ್ರವೇ ಅವುಗಳಿಗೆ ವಿಷವಾಗಿದ್ದು. ಕರಗೋದು ನಿಂತ ಮೇಲೆ ವಿಷವೂ ನಿಂತಿತು. ಹಡಗಿನ ವೇಗ ಬಿತ್ತು, ನೌಕಾಪಡೆ ಆ ತುಂಡುಗಳನ್ನ ಕಿತ್ತುಹಾಕಿತು. ಡೇವಿಗೆ ಅವಮಾನವಾಯ್ತು. 1829ರಲ್ಲಿ ತೀರಿಕೊಂಡಾಗ ಅದು ಸೋತ ಪ್ರಯೋಗ ಅಂತಲೇ ಲೆಕ್ಕ.

ಆದ್ರೆ ವಿಚಾರ ಸಾಯಲಿಲ್ಲ. 1837ರಲ್ಲಿ ಫ್ರಾನ್ಸಿನ ಸೊರೆಲ್ ಎಂಬಾತ ಕರಗಿದ ಸತುವಿನಲ್ಲಿ ಕಬ್ಬಿಣ ಅದ್ದಿ ತೆಗೆಯೋದಕ್ಕೆ ಪೇಟೆಂಟ್ ಪಡೆದ. ಆ ಲೇಪ ಗೀಚಿ ಹೋದ ಜಾಗದಲ್ಲೂ ಸುತ್ತಲಿನ ಸತು ತಾನು ಕರಗಿ ಕಬ್ಬಿಣ ಕಾಯುತ್ತೆ. ಅದೇ ಗ್ಯಾಲ್ವನೈಸಿಂಗ್. ನಾವು 'ಜಿಐ' ಅಂತೀವಲ್ಲ, ಅದರ 'ಜಿ' ಇದೇ. ನಮ್ಮ ಹಿತ್ತಲಿನ ಬಕೆಟ್ಟು, ಮುಳ್ಳುತಂತಿ, ಬೋರ್ ಪೈಪು ಎಲ್ಲದರ ಮೇಲೂ ಡೇವಿಯ ಸೋತ ಪ್ರಯೋಗ ಕೂತಿದೆ.

▪️ ಭಾಗ 4/8: ಬಾಯ್ಲರ್ ಮತ್ತು ಉಪ್ಪು

ಹಾಯಿ ಹೋಗಿ ಉಗಿ ಎಂಜಿನ್ ಬಂತು. 1829ರಲ್ಲಿ ಬೊಂಬಾಯಿಯಲ್ಲಿ ಕಟ್ಟಿದ 'ಹ್ಯೂ ಲಿಂಡ್ಸೆ' ಅನ್ನೋ ಉಗಿಹಡಗು 1830ರಲ್ಲಿ ಸೂಯೆಜ್‌ಗೆ ಹೊರಟಿತು. ದಾರಿಯಲ್ಲಿ ಕಲ್ಲಿದ್ದಲು ತುಂಬಿಸಿಕೊಂಡದ್ದು ಏಡನ್‌ನಲ್ಲಿ. ಈ ಊರಿನ ಹೆಸರು ನೆನಪಿಟ್ಕೊಳ್ಳಿ.

ಉಗಿ ಬೇಕು ಅಂದ್ರೆ ನೀರು ಕಾಯಿಸಬೇಕು. ನಡುಸಮುದ್ರದಲ್ಲಿ ಸಿಗೋದು ಸಮುದ್ರದ ನೀರೇ. ಅದನ್ನೇ ಬಾಯ್ಲರಿಗೆ ಬಿಡ್ತಿದ್ರು. ನೀರು ಉಗಿಯಾಗಿ ಹೋಗುತ್ತೆ, ಉಪ್ಪು ಉಳಿಯುತ್ತೆ. ಒಳಗಿನ ನೀರು ಗಟ್ಟಿಯಾಗ್ತಾ ಹೋಗುತ್ತೆ. ಅದಕ್ಕೇ ಆಗಾಗ ಕುದಿಯೋ ನೀರನ್ನೇ ಸಮುದ್ರಕ್ಕೆ ಚೆಲ್ಲಿ ಹೊಸ ನೀರು ತುಂಬಬೇಕು. ಅಷ್ಟೂ ಕಲ್ಲಿದ್ದಲು ದಂಡ. ಇಷ್ಟಾದ್ರೂ ಒಳಗೋಡೆಗೆ ಬಿಳೀ ಕಲ್ಲಿನ ಪದರ ಕಟ್ಟೋದು. ಹಡಗು ದಡ ಸೇರಿದಾಗ ಆಳುಗಳು ಬಾಯ್ಲರಿನೊಳಗೆ ನುಗ್ಗಿ ಸುತ್ತಿಗೆಯಲ್ಲಿ ಕುಟ್ಟಿ ಕೀಳಬೇಕು.

ಶಿಡ್ಲಘಟ್ಟದವರಿಗೆ ಇದು ಹೊಸ ಸುದ್ದಿ ಅಲ್ಲ. ರೇಷ್ಮೆ ಗೂಡು ಬೇಯಿಸಿ ನೂಲು ತೆಗೆಯೋ ರೀಲರ್‌ಗಳನ್ನ ಕೇಳಿ ನೋಡಿ, ಗಡಸು ನೀರು ಬಾಯ್ಲರಿಗೆ ಏನು ಮಾಡುತ್ತೆ, ನೂಲಿನ ಹೊಳಪಿಗೆ ಏನು ಮಾಡುತ್ತೆ ಅಂತ.

ಹಡಗಿನವರಿಗೆ ದಾರಿ ತೋರಿಸಿದ್ದು 1834ರಲ್ಲಿ ಸ್ಯಾಮ್ಯುಯೆಲ್ ಹಾಲ್ ಪೇಟೆಂಟ್ ಪಡೆದ 'ಸರ್ಫೇಸ್ ಕಂಡೆನ್ಸರ್'. ಎಂಜಿನ್ ಓಡಿಸಿದ ಉಗಿಯನ್ನ ಕೊಳವೆಗಳ ಹತ್ತಿರ ಹಾಯಿಸಿ ತಣ್ಣಗೆ ಮಾಡಿ ಮತ್ತೆ ನೀರಾಗಿಸೋದು. ಕೊಳವೆಯ ಒಂದು ಬದಿಗೆ ಸಮುದ್ರದ ನೀರು, ಇನ್ನೊಂದು ಬದಿಗೆ ಉಗಿ. ಎರಡೂ ಬೆರೆಯಲ್ಲ. ಬಾಯ್ಲರಿಗೆ ಅದೇ ಸಿಹಿ ನೀರು ಮತ್ತೆ ಮತ್ತೆ ಹೋಗುತ್ತೆ.

ಎಲ್ಲ ಹಡಗಿಗೂ ಇದು ಬರೋಕೆ ಮತ್ತೆ ಮೂವತ್ತು ವರ್ಷ ಹಿಡೀತು. ಬಂದ ಮೇಲೆ ಹೊಸ ಕಾಯಿಲೆ: ಎಂಜಿನ್ನಿಗೆ ಹಾಕ್ತಿದ್ದ ಪ್ರಾಣಿಕೊಬ್ಬು ಆಮ್ಲವಾಗಿ, ಕಂಡೆನ್ಸರಿನ ತಾಮ್ರವನ್ನ ಕರಗಿಸಿ ತಂದು, ಬಾಯ್ಲರಿನ ಕಬ್ಬಿಣದಲ್ಲಿ ಗುಳಿ ತೋಡ್ತಿತ್ತು. ಮದ್ದೇನು? ಕೊಬ್ಬಿನ ಬದಲು ಖನಿಜ ಎಣ್ಣೆ, ಬಾಯ್ಲರಿನೊಳಗೆ ಸತುವಿನ ಹಲಗೆ. ಡೇವಿ ಸತ್ತು ಅರ್ಧ ಶತಮಾನದ ಹೊತ್ತಿಗೆ ಅವನ ಉಪಾಯ ನೌಕಾಪಡೆಗೆ ವಾಪಸ್ ಬಂತು, ಈ ಸಲ ಎಂಜಿನ್ ಕೋಣೆಗೆ.

▪️ ಭಾಗ 5/8: ಏಡನ್‌ಗೆ ಹೋದ ಮುದ್ದೇನಹಳ್ಳಿಯವರು

1839ರಲ್ಲಿ ಬ್ರಿಟಿಷರು ಏಡನ್ ಹಿಡಿದರು. ಬೊಂಬಾಯಿ–ಸೂಯೆಜ್ ದಾರಿಯ ಹಡಗುಗಳಿಗೆ ಅದು ಕಲ್ಲಿದ್ದಲಿನ ಕಟ್ಟೆ. 1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲಂತೂ ಹಡಗುಗಳ ಸಾಲೇ ಸಾಲು. ಆಡಳಿತ ಬೊಂಬಾಯಿ ಸರ್ಕಾರದ್ದು.

ಕಲ್ಲಿದ್ದಲು ಹೊರಗಿಂದ ತರಬಹುದು. ನೀರು? ಏಡನ್ ಸುಟ್ಟ ಜ್ವಾಲಾಮುಖಿಯ ಬಂಡೆ. ಮಳೆ ಅನ್ನೋದು ಅಪರೂಪ. ಬಂಡೆಯಲ್ಲಿ ಕಡೆದ ಪುರಾತನ ತೊಟ್ಟಿಗಳು, ಒಂದಿಷ್ಟು ಸವಳು ಬಾವಿಗಳು, ಅದು ಸಾಲದೆ 1860ರ ದಶಕದಿಂದ ಕಂಡೆನ್ಸರ್‌ಗಳು. ಹಡಗಿನಲ್ಲಿ ಕಲಿತ ವಿದ್ಯೆಯೇ ಇಲ್ಲಿ ದಡಕ್ಕೆ ಬಂದಿತ್ತು. ಸಮುದ್ರದ ನೀರು ಕಾಯಿಸಿ, ಉಗಿ ತಣಿಸಿ, ಕುಡಿಯೋಕೆ, ಹಡಗುಗಳಿಗೆ ಮಾರೋಕೆ. ಅಂದ್ರೆ ಹೊರಗಿಂದ ತಂದ ಕಲ್ಲಿದ್ದಲು ಸುಟ್ಟು ನೀರು ಮಾಡೋದು.

1906ರಲ್ಲಿ ಏಡನ್ನಿನ ನೀರು, ಚರಂಡಿ ವ್ಯವಸ್ಥೆ ನೋಡಿ ಸಲಹೆ ಕೊಡಿ ಅಂತ ಬೊಂಬಾಯಿ ಸರ್ಕಾರ ಕಳಿಸಿದ್ದು ತನ್ನ ಲೋಕೋಪಯೋಗಿ ಇಲಾಖೆಯ ಎಂಜಿನಿಯರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರನ್ನ. ಹುಟ್ಟಿದ್ದು ಮುದ್ದೇನಹಳ್ಳಿ, ಓದಲು ಶುರು ಮಾಡಿದ್ದು ಚಿಕ್ಕಬಳ್ಳಾಪುರ, ಆಮೇಲೆ ಬೆಂಗಳೂರಿನ ಸೆಂಟ್ರಲ್ ಕಾಲೇಜು, ಪುಣೆ. 1884ರಲ್ಲಿ ಇಲಾಖೆ ಸೇರಿದವರು. ಸಿಂಧ್‌ನ ಸಕ್ಕರ್ ಊರಿನಲ್ಲಿ ನದಿಯ ಮರಳಿನ ಕೆಳಗಿಂದ ತಿಳಿನೀರು ತೆಗೆದ ಅನುಭವ ಆಗಲೇ ಇತ್ತು.

ಏಡನ್‌ನಲ್ಲೂ ಅವರ ಕಣ್ಣು ಹೋದದ್ದು ಅಲ್ಲಿಗೇ. ಇನ್ನಷ್ಟು ಕಂಡೆನ್ಸರ್ ಹಾಕಿ ಅಂತ ಹೇಳಿ ಕೈತೊಳ್ಕೊಳ್ಳಬಹುದಿತ್ತು. ಅವರು ಬಂದರು ಬಿಟ್ಟು ಒಳನಾಡಿಗೆ ನೋಡಿದರು. ಮಳೆ ಬೀಳೋದು ದೂರದ ಬೆಟ್ಟಗಳಲ್ಲಿ, ಆ ನೀರು ಲಹೇಜ್ ಕಡೆಯ ಒಣ ನದಿಪಾತ್ರದ ಮರಳಿನಡಿ ಇಳಿದಿರುತ್ತೆ. ಅಲ್ಲಿ ಬಾವಿ ತೋಡಿ ಆ ನೀರನ್ನ ಊರಿಗೆ ತನ್ನಿ ಅಂತ ವರದಿ ಕೊಟ್ಟರು.

ನನಗೆ ಇದು ಬರೀ ಸರ್ ಎಂವಿ ಹೊಗಳಿಕೆಯ ಕಥೆ ಅಲ್ಲ. ನಂದಿ ಸುತ್ತಲಿನ ಊರಿನ ಹುಡುಗನಿಗೆ ಒಣ ಹೊಳೆಯ ಮರಳಿನಡಿ ನೀರಿರುತ್ತೆ ಅಂತ ಯಾರೂ ಹೇಳಿಕೊಡಬೇಕಾಗಿರಲಿಲ್ಲ ಅನ್ಸುತ್ತೆ. ಉತ್ತರ ಪಿನಾಕಿನಿ, ಚಿತ್ರಾವತಿ ಹಾಗೇ ಅಲ್ವಾ? ಬೇಸಿಗೆಯಲ್ಲಿ ಮೇಲೆ ಮರಳು, ಬಗೆದರೆ ನೀರು. ಅಂದ್ರೆ, ಇರ್ತಿತ್ತು.

▪️ ಭಾಗ 6/8: ಕೊಳವೆಯ ಕಾಯಿಲೆ

ಮತ್ತೆ ಎಂಜಿನ್ ಕೋಣೆಗೆ. ಕಂಡೆನ್ಸರಿನ ಜೀವ ಇರೋದು ಸಾವಿರಾರು ಸಣ್ಣ ಕೊಳವೆಗಳಲ್ಲಿ. ಅವು ಹಿತ್ತಾಳೆಯವು, ಅಂದ್ರೆ ತಾಮ್ರ–ಸತು ಬೆರೆತದ್ದು. ಸಮುದ್ರದ ನೀರು ಹಿತ್ತಾಳೆಯೊಳಗಿನ ಸತುವನ್ನೇ ಹೆಕ್ಕಿ ತಿನ್ನುತ್ತೆ. ಹೊರಗೆ ಆಕಾರ ಹಾಗೇ ಇರುತ್ತೆ, ಉಳಿದದ್ದು ಸ್ಪಂಜಿನಂಥ ತಾಮ್ರ. ಒಂದು ಕೊಳವೆಯಲ್ಲಿ ಸೂಜಿಯಷ್ಟು ತೂತು ಬಿದ್ರೂ ಸಾಕು, ಉಪ್ಪು ನೀರು ಒಳಗೆ ಸೇರಿ ಬಾಯ್ಲರೇ ಕೆಡುತ್ತೆ.

ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ನೌಕೆಗಳಿಗೆ ಇದು ಎಷ್ಟು ಕಾಡಿತು ಅಂದ್ರೆ ನಾವಿಕರು ಅದಕ್ಕೆ ರೋಗದ ಹೆಸರೇ ಇಟ್ಟರು, 'ಕಂಡೆನ್ಸರೈಟಿಸ್'. ಶತ್ರುವಿನ ಗುಂಡು ತಾಗದ ನೌಕೆಯೂ ಕೊಳವೆ ಸೋರಿ ಬಂದರಿಗೆ ವಾಪಸ್.

ಆಮೇಲೆ ಒಂದೊಂದೇ ಮದ್ದು ಬಂತು. ಹಿತ್ತಾಳೆಗೆ ಚೂರು ತವರ, ಚೂರು ಆರ್ಸೆನಿಕ್, ನಂತರ ಅಲ್ಯೂಮಿನಿಯಂ ಬೆರೆಸಿ ನೋಡಿದರು. ತಾಮ್ರಕ್ಕೆ ನಿಕ್ಕಲ್ ಬೆರೆಸಿದ ಕೊಳವೆ ಇನ್ನೂ ಗಟ್ಟಿ. ಕೇಂಬ್ರಿಜ್‌ನಲ್ಲಿ ಯೂಲಿಕ್ ಇವಾನ್ಸ್ 1920ರ ದಶಕದಲ್ಲಿ ಕಬ್ಬಿಣದ ಹಾಳೆ ಮೇಲೆ ಒಂದೇ ಒಂದು ಹನಿ ಉಪ್ಪು ನೀರಿಟ್ಟು ತೋರಿಸಿದ. ಹನಿಯ ಅಂಚಿಗೆ ಗಾಳಿ ಹೆಚ್ಚು, ನಡುವಿಗೆ ಕಡಿಮೆ. ತುಕ್ಕು ತಿನ್ನೋದು ಗಾಳಿ ಸಿಗದ ನಡುವನ್ನ! ಎರಡು ಲೋಹವೇ ಬೇಕಾಗಿಲ್ಲ. ಒಂದೇ ಕಬ್ಬಿಣ, ಒಂದು ಕಡೆ ಗಾಳಿ ಕಡಿಮೆ, ಅಷ್ಟೇ ಸಾಕು. ಸಂದು, ಬೋಲ್ಟಿನ ಅಡಿ, ವಾಷರಿನ ಕೆಳಗೆ, ಥ್ರೆಡ್ಡಿನ ಒಳಗೇ ಮೊದಲು ತುಕ್ಕು ಯಾಕೆ ಅನ್ನೋದಕ್ಕೆ ಆ ಹನಿಯಲ್ಲಿ ಉತ್ತರ ಇತ್ತು.

ನಮ್ಮ ದೇಶದಲ್ಲಿ ಈ ಕೆಲಸಕ್ಕೆ ಅಂತಲೇ ತಮಿಳುನಾಡಿನ ಕಾರೈಕುಡಿಯಲ್ಲಿ ಒಂದು ಕೇಂದ್ರ ಸಂಸ್ಥೆ ಇದೆ, ವಿದ್ಯುತ್ ರಸಾಯನ ಸಂಶೋಧನೆಗೆ. 1948ರಲ್ಲಿ ನೆಹರೂ ಅಡಿಗಲ್ಲು ಹಾಕಿದರು, 1953ರಲ್ಲಿ ಶುರುವಾಯ್ತು. ಜಾಗ, ಹಣ ಕೊಟ್ಟವರು ಅಳಗಪ್ಪ ಚೆಟ್ಟಿಯಾರ್. ಭಾರತದ ಯಾವ ಊರಿನಲ್ಲಿ ಕಬ್ಬಿಣ ಎಷ್ಟು ಬೇಗ ತುಕ್ಕು ಹಿಡಿಯುತ್ತೆ ಅಂತ ನಕ್ಷೆ ಮಾಡಿದ್ದು ಇವರೇ.

▪️ ಭಾಗ 7/8: ಮಲ್ಪೆಯ ಜೂನ್ ತಿಂಗಳು

ನಮ್ಮ ಕರಾವಳಿಯಲ್ಲಿ ಎಂಜಿನ್ ದೋಣಿಗಳು ಬಂದದ್ದು 1950–60ರ ದಶಕಗಳಲ್ಲಿ. 1970ರ ದಶಕದ ಮಧ್ಯದಲ್ಲಿ ಪರ್ಸೀನ್ ಬಲೆ ಬಂದ ಮೇಲೆ ಮಂಗಳೂರು, ಮಲ್ಪೆ, ಗಂಗೊಳ್ಳಿ ಬಂದರುಗಳ ಚಹರೆಯೇ ಬದಲಾಯ್ತು.

ಡೀಸೆಲ್ ಎಂಜಿನ್ನಿಗೆ ಬಾಯ್ಲರ್ ಇಲ್ಲ, ಆದ್ರೆ ತಂಪು ಬೇಕು. ಸುತ್ತ ಬೇಕಾದಷ್ಟು ನೀರಿದೆ ಅಂತ ಸಮುದ್ರದ ನೀರನ್ನೇ ಎಂಜಿನ್ ಒಳಗೆ ಹಾಯಿಸಿದ್ರೆ ಮತ್ತೆ ಹಳೇ ಕಥೆ: ಒಳದಾರಿಯಲ್ಲಿ ಉಪ್ಪು ಕಟ್ಟುತ್ತೆ, ಗೋಡೆ ಸವೆಯುತ್ತೆ. ಅದಕ್ಕೇ ಎಂಜಿನ್ ಒಳಗೆ ಸಿಹಿ ನೀರು ಸುತ್ತುತ್ತೆ, ಆ ಸಿಹಿ ನೀರನ್ನ ಹೊರಗಿಂದ ಸಮುದ್ರದ ನೀರು ತಣಿಸುತ್ತೆ. 1834ರ ಹಾಲ್ ಸಾಹೇಬನ ಲೆಕ್ಕವೇ ಇದು.

ಸಮುದ್ರದ ನೀರು ಮುಟ್ಟೋ ಕಡೆಯೆಲ್ಲ ಸತು ಕಾವಲು ಕೂತಿರುತ್ತೆ. ಶಾಖ ಬದಲಿಸೋ ಪೆಟ್ಟಿಗೆಯೊಳಗೆ ಪೆನ್ಸಿಲ್ ಗಾತ್ರದ ಸತುವಿನ ಕಡ್ಡಿ, ಹೊರಗೆ ಪ್ರೊಪೆಲ್ಲರ್ ದಂಡದ ಹತ್ತಿರ, ಚುಕ್ಕಾಣಿ ಮೇಲೆ ಸತುವಿನ ಗಟ್ಟಿ. ಇವಕ್ಕೆ ಎರಡು ನಿಯಮ. ಒಂದು, ಕಾಪಾಡಬೇಕಾದ ಲೋಹಕ್ಕೆ ಗಟ್ಟಿಯಾಗಿ ಮುಟ್ಟಿರಬೇಕು, ನಡುವೆ ತುಕ್ಕು ಬಣ್ಣ ಏನೂ ಇರಬಾರದು. ಎರಡು, ಅದರ ಮೇಲೆ ಪೇಂಟ್ ಬಳಿಯಬಾರದು. ಚೆಂದ ಕಾಣ್ಲಿ ಅಂತ ಬಳಿದ್ರೆ ಸತು ಸವೆಯಲ್ಲ. ಸತು ಸವೆಯಲಿಲ್ಲ ಅಂದ್ರೆ ಬೇರೆ ಏನೋ ಸವೀತಿದೆ ಅಂತ ಅರ್ಥ!

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ರಜೆ. ಮೀನು ಮರಿ ಮಾಡೋ ಕಾಲ. ದೋಣಿಗಳಿಗೆ ಅದು ಆಸ್ಪತ್ರೆ ಕಾಲ. ದಡಕ್ಕೆಳೆದು ಕೆರೆದು, ಬಣ್ಣ ಹಚ್ಚಿ, ಎಂಜಿನ್ ಬಿಚ್ಚಿ, ತಿಂದುಹೋದ ಸತು ತೆಗೆದು ಹೊಸದು ಕಟ್ಟೋದು. ಸಣ್ಣ ದೋಣಿಯ ಹೊರಗಿನ ಮೋಟಾರಿಗಂತೂ ಕೆಲಸ ಮುಗಿದ ಮೇಲೆ ಸಿಹಿ ನೀರು ಹಾಯಿಸಿ ತೊಳೆಯೋದೇ ದೊಡ್ಡ ಮದ್ದು. ದುಬಾರಿ ಲೋಹಕ್ಕಿಂತ ಒಂದು ಬಕೆಟ್ ಸಿಹಿ ನೀರು ಹೆಚ್ಚು ಕೆಲಸ ಮಾಡುತ್ತೆ.

▪️ ಭಾಗ 8/8: ಮತ್ತೆ ಬೋರ್‌ವೆಲ್ ಹತ್ತಿರ

ಈಗ ಮೊದಲ ಫೋಟೋ ಇನ್ನೊಂದ್ಸಲ ನೋಡಿ. ಪೈಪು ತುಂಡಾಗಿರೋದು ಪಂಪಿನ ಬಾಯಿಯ ಹತ್ತಿರದ ಥ್ರೆಡ್‌ನಲ್ಲಿ. ಥ್ರೆಡ್ ಕೊರೆದಾಗ ಸತುವಿನ ಲೇಪ ಹೋಗುತ್ತೆ, ಬರೀ ಕಬ್ಬಿಣ ಉಳಿಯುತ್ತೆ. ಕೆಳಗಿದ್ದದ್ದು ಸ್ಟೇನ್‌ಲೆಸ್ ಸ್ಟೀಲ್ ಪಂಪು, ಬೇರೆ ಲೋಹ. ಒಳಗೆ ಸಂದು, ಗಾಳಿ ಇಲ್ಲ. ಸುತ್ತ ಉಪ್ಪಿನಂಶದ ನೀರು. 'ಅಲಾರ್ಮ್' ಹಡಗಿನ ಮೊಳೆ, ಇವಾನ್ಸನ ಹನಿ ಎರಡೂ ಒಂದೇ ಜಾಗದಲ್ಲಿ. ಹಳೇ ಪ್ಲಂಬರ್‌ಗಳು ಥ್ರೆಡ್‌ಗೆ ಬಣ್ಣ ಬಳಿದು ಸಣಬು ಸುತ್ತಿ ಕೂರಿಸ್ತಿದ್ದದ್ದು ಸೋರದ ಹಾಗೆ ಮಾತ್ರ ಅಲ್ಲ, ಅದು ನಮ್ಮ ಕಂದು ಕಾಗದವೂ ಹೌದು.

ಮನೆಗೆ ಉಪಯೋಗ ಆಗೋ ಮೂರು ಮಾತು, ಸೇವ್ ಮಾಡಿಟ್ಕೊಳ್ಳಿ:

✔️ ಮೋಟಾರ್ ಎತ್ತಿದಾಗಲೆಲ್ಲ ಪಂಪಿನ ಪಕ್ಕದ ಮೊದಲ ಪೈಪಿನ ಥ್ರೆಡ್ ಕೆರೆದು ನೋಡಿ. ಸವೆದಿದ್ರೆ ಆ ಒಂದು ಪೈಪ್ ಬದಲಾಯಿಸಿ. ಒಂದು ಪೈಪಿನ ದುಡ್ಡು ಉಳಿಸೋಕೆ ಹೋಗಿ ಮೋಟಾರ್ ಕಳ್ಕೋಬೇಡಿ.

✔️ ಟ್ಯಾಂಕ್ ಇರೋ ಗೀಸರ್‌ನಲ್ಲಿ ಮೆಗ್ನೀಷಿಯಂ ಕಡ್ಡಿ ಇರುತ್ತೆ. ಅದು ಡೇವಿಯ ಬಲಿ ಲೋಹವೇ. ಸಮುದ್ರಕ್ಕೆ ಸತು, ಸಿಹಿ ನೀರಿಗೆ ಮೆಗ್ನೀಷಿಯಂ. ವರ್ಷ ಎರಡು ವರ್ಷಕ್ಕೊಮ್ಮೆ ತೆಗೆಸಿ ನೋಡಿ, ಸವೆದಿದ್ರೆ ಹಾಕಿಸಿ. ಇಲ್ಲಾಂದ್ರೆ ಟ್ಯಾಂಕೇ ಸೋರುತ್ತೆ.

✔️ ಗೀಸರ್ ಕಾಯಿಲ್ ಮೇಲಿನ ಬಿಳೀ ಪದರ ತುಕ್ಕಲ್ಲ, ಗಡಸು ನೀರಿನ ಸುಣ್ಣ. ಎರಡೂ ಬೇರೆ ಕಾಯಿಲೆ, ಮದ್ದೂ ಬೇರೆ.

ಆದ್ರೆ ಕಬ್ಬಿಣದ ವಿಷಯ ಇಲ್ಲಿಗೆ ಮುಗಿಯಲ್ಲ. 5 ರೂಪಾಯಿ ನಾಣ್ಯ ಹಾಕಿದ್ರೆ 20 ಲೀಟರ್ ಕೊಡೋ ನಮ್ಮೂರ ಶುದ್ಧ ನೀರಿನ ಘಟಕದ ಮುಂದೆ ಕ್ಯಾನ್ ಹಿಡಿದು ನಿಂತಾಗೆಲ್ಲ ನನಗೆ ಏಡನ್ ನೆನಪಾಗುತ್ತೆ. ಆ ಯಂತ್ರದೊಳಗಿನ ಪೊರೆಯೂ ಸಮುದ್ರದ ನೀರು ಸಿಹಿ ಮಾಡೋಕೆ ಹುಟ್ಟಿದ್ದೇ. ಸುಮಾರು 1960ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಲೋಬ್ ಮತ್ತು ಶ್ರೀನಿವಾಸ ಸೌರಿರಾಜನ್ ಅದನ್ನ ಕೆಲಸಕ್ಕೆ ಬರೋ ಹಾಗೆ ಮಾಡಿದರು. ಸಮುದ್ರದ ಮದ್ದು ನಂದಿ ಬೆಟ್ಟದ ಬುಡಕ್ಕೆ ಬಂದಿದೆ ಅಂದ್ರೆ ಸಮುದ್ರದ ಕಾಯಿಲೆಯೂ ಬಂದಿದೆ ಅಂತಲೇ. ಫ್ಲೋರೈಡ್ ಇರೋ ನೀರು ನಮ್ಮ ಪೈಪಿಗಿಂತ ಮೊದಲು ನಮ್ಮ ಹಲ್ಲು, ಮೂಳೆ ಹಾಳು ಮಾಡ್ತಿದೆ. ಅದಕ್ಕೆ ಸತು ಕಟ್ಟೋಕಾಗಲ್ಲ.

ಬೆಂಗಳೂರಿನ ಸಂಸ್ಕರಿಸಿದ ನೀರು ಈಗ ಕಂದವಾರ ಕೆರೆಗೆ ಬರ್ತಿದೆ. ಅಂತರ್ಜಲ ಏರಿದೆ ಅಂತ ಕೆಲವರು, ಮೂರನೇ ಹಂತದ ಶುದ್ಧೀಕರಣ ಆಗ್ಲೇಬೇಕು ಅಂತ ಹೋರಾಟಗಾರರು. ಆ ಬೇಡಿಕೆ ಸರಿ ಅಂತಲೇ ನನ್ನ ಅನಿಸಿಕೆ. ಯಂತ್ರದ ಕೊಳವೆಗೆ ಎಂಥ ನೀರು ಬಿಡ್ಬೇಕು ಅಂತ ಹಡಗಿನವರು ನೂರು ವರ್ಷ ತಲೆ ಕೆಡಿಸಿಕೊಂಡರು. ಭೂಮಿಗೆ ಎಂಥ ನೀರು ಇಳಿಸ್ತಿದ್ದೀವಿ ಅಂತ ನಾವು ಅಷ್ಟಾದ್ರೂ ಕೇಳ್ಬೇಕಲ್ವಾ?

ಚಿಕ್ಕಪ್ಪನ ಮೋಟಾರ್ ಇನ್ನೂ ಸಿಕ್ಕಿಲ್ಲ. ಪೈಪಿನ ತುಂಡು ಮಾತ್ರ ಹಟ್ಟಿ ಮುಂದೆ ಬಿದ್ದಿದೆ. ನಿಮ್ಮ ಕಡೆಯೂ ಹೀಗೆ ಆಗಿದ್ರೆ ಬರೀರಿ: ಯಾವೂರು, ಎಷ್ಟು ಅಡಿ, ಎಷ್ಟು ವರ್ಷಕ್ಕೆ ಪೈಪ್ ಹೋಯ್ತು. ಒಟ್ಟು ಮಾಡಿ ಇನ್ನೊಂದು ಸರಣಿ ಹಾಕ್ತೀನಿ.

#ಚಿಕ್ಕಬಳ್ಳಾಪುರ #ಚಿಂತಾಮಣಿ #ಶಿಡ್ಲಘಟ್ಟ #ಗೌರಿಬಿದನೂರು #ಮುದ್ದೇನಹಳ್ಳಿ #ಉಪ್ಪುನೀರು #ನಮ್ಮೂರಇತಿಹಾಸ